ಬಿಲ್ವದ ಕಾಯಿ ಬೇರೆ, ಹಣ್ಣು ಬೇರೆ

ಪ್ರಶ್ನೆ: ನಮ್ಮ ಬೀದಿಯ ಈಶ್ವರನ ಗುಡಿಯಲ್ಲಿ ದೊಡ್ಡ ಬಿಲ್ವದ ಮರ ಇದೆ. ಪತ್ರೆಗೆ ಎಲ್ಲರೂ ಬರುತ್ತಾರೆ, ಹಣ್ಣು ಮಾತ್ರ ಸುಮ್ನೆ ಬಿದ್ದು ಕೊಳೆಯುತ್ತದೆ. ಅದು ಭೇದಿಗೆ ಮದ್ದು ಅಂತ ನಮ್ಮತ್ತೆ ಹೇಳುತ್ತಾರೆ. ಪಕ್ಕದ ಮನೆಯ ಬಿಹಾರದವರು ಮಲಬದ್ಧತೆಗೆ ಶರಬತ್ತು ಮಾಡಿ ಕುಡಿಯುತ್ತಾರೆ. ಯಾರ ಮಾತು ನಂಬಲಿ?
– ಗೃಹಿಣಿ, ತುಮಕೂರು

ಉತ್ತರ: ಇಬ್ಬರದೂ ಸರಿ. ಅತ್ತೆಯವರದು ಕಾಯಿಯ ಮಾತು, ಪಕ್ಕದ ಮನೆಯವರದು ಹಣ್ಣಿನ ಮಾತು. ಎಳೆಗಾಯಿ ಒಗರು, ಆ ಒಗರೇ ಭೇದಿಯನ್ನು ಕಟ್ಟುವುದು. ಕಾಯಿಯನ್ನು ಹೋಳು ಮಾಡಿ ಒಣಗಿಸಿ, ಪುಡಿ ಮಾಡಿ ಮಜ್ಜಿಗೆಯಲ್ಲಿ ಕಲಸಿ ಕೊಡುವುದು ಹಳೆಯ ಪದ್ಧತಿ. ಮಾಗಿದ ಮೇಲೆ ಒಗರು ಇಳಿದು ಸಿಹಿ, ಘಮ, ಅಂಟು ಎಲ್ಲ ಬರುತ್ತವೆ, ಆಗ ಅದೇ ತಿರುಳು ಹೊಟ್ಟೆಯನ್ನು ಸಡಿಲ ಮಾಡುತ್ತದೆ. ಬೇರೆ ಹಣ್ಣುಗಳಲ್ಲಿ ಮಾಗಿದ್ದೇ ಮೇಲು, ಬಿಲ್ವದಲ್ಲಿ ಮಾತ್ರ ಕಾಯಿಯೇ ಮೇಲು ಅನ್ನುತ್ತದೆ ಆಯುರ್ವೇದ. ಹಣ್ಣು ಜೀರ್ಣವಾಗುವುದು ಕಷ್ಟ, ನಾತದ ವಾಯು ಬೇರೆ ಅಂತಲೂ ಮುಲಾಜಿಲ್ಲದೆ ಹೇಳಿಬಿಟ್ಟಿದೆ! ಹಾಗಾಗಿ ಶರಬತ್ತು ಒಂದು ಲೋಟಕ್ಕೆ ಸಾಕು. ಮಾಡುವಾಗ ತಿರುಳನ್ನು ನೀರಲ್ಲಿ ನೆನೆಸಿ ಕೈಯಲ್ಲೇ ಕಿವುಚಿ ಸೋಸಿಕೊಳ್ಳಿ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿಯಾಗುತ್ತದೆ.

ಒಂದು ಮಾತು. ಭೇದಿಯಾದಾಗ ಮೊದಲು ಬೇಕಾದದ್ದು ಓಆರ್‌ಎಸ್, ಆಮೇಲೆ ಬಿಲ್ವ. ರಕ್ತ ಬಿದ್ದರೆ, ಜ್ವರ ಇದ್ದರೆ, ಚಿಕ್ಕ ಮಗುವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ರಾಮನವಮಿ ಪಾನಕಕ್ಕೆ ಹಾಕುವ ಬೇಲದ ಹಣ್ಣು ಇದೇ ಅಲ್ವಾ?
– ವಿದ್ಯಾರ್ಥಿ, ಮೈಸೂರು

ಉತ್ತರ: ಅಲ್ಲ. ಎರಡೂ ನಿಂಬೆಯ ಕುಟುಂಬದವೇ, ಎರಡಕ್ಕೂ ಗಟ್ಟಿ ಚಿಪ್ಪು, ಹಿಂದಿಯವರು ಬಿಲ್ವವನ್ನೇ ‘ಬೇಲ್’ ಅನ್ನುವುದರಿಂದ ಗೊಂದಲ ಇನ್ನೂ ಜಾಸ್ತಿ. ಬಿಲ್ವದ ಚಿಪ್ಪು ನುಣುಪು, ಒಳಗೆ ಹಳದಿ-ಕಿತ್ತಳೆ ತಿರುಳು, ಎಲೆ ಮೂರು ದಳ. ಬೇಲದ ಚಿಪ್ಪು ಒರಟು, ಬೂದಿ ಬಣ್ಣ, ತಿರುಳು ಕಂದು ಮತ್ತು ಹುಳಿ, ಎಲೆಗೆ ಸಾಮಾನ್ಯವಾಗಿ ಐದೋ ಏಳೋ ದಳ. ಗಣಪತಿ ಶ್ಲೋಕದ ‘ಕಪಿತ್ಥ’ ಈ ಬೇಲವೇ. ಅಪ್ಪನಿಗೆ ಬಿಲ್ವ, ಮಗನಿಗೆ ಬೇಲ ಅಂತ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ನನಗೆ ಶುಗರ್ ಇದೆ, ಮಾತ್ರೆ ತಗೊಳ್ಳುತ್ತಿದ್ದೇನೆ. ದಿನಾ ಬೆಳಿಗ್ಗೆ ಬಿಲ್ವಪತ್ರೆ ಅಗಿಯಬಹುದಾ?
– ನಿವೃತ್ತ ಶಿಕ್ಷಕ, ಧಾರವಾಡ

ಉತ್ತರ: ಪತ್ರೆಯನ್ನು ಸಕ್ಕರೆ ಕಾಯಿಲೆಗೆ ಬಳಸುವ ರೂಢಿ ಹಿಂದಿನಿಂದಲೂ ಇದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲೂ ಸಕ್ಕರೆ ಇಳಿದದ್ದು ಕಂಡಿದೆ. ಸರ್, ನನಗೆ ಭಯ ಇರುವುದೂ ಅದಕ್ಕೇ. ಮಾತ್ರೆಯೂ ಇಳಿಸಿ, ಪತ್ರೆಯೂ ಇಳಿಸಿದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತಿ ಬೀಳುತ್ತೀರಿ. ನಿಮ್ಮ ಡಾಕ್ಟರಿಗೆ ಹೇಳದೆ ಶುರು ಮಾಡಬೇಡಿ, ಮಾತ್ರೆಯನ್ನಂತೂ ಬಿಡಲೇಬೇಡಿ.