ಆ ಗುಟ್ಟು ಯಾರಿಗೆ ಗುಟ್ಟಾಗಿತ್ತು?

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಮೊದಲು ಕೊಡುತ್ತೇವೆ. ಹೆಸರು ಹೊರಬೀಳದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಬ್ಯಾಂಕಿನಿಂದ ಕೊಳ್ಳುತ್ತಿದ್ದ ಪತ್ರ, ಅಂದರೆ ಚುನಾವಣಾ ಬಾಂಡ್ ಬಗ್ಗೆ ನಾವು ಪ್ರಕಟಿಸಿದ ಲೇಖನ ನಿಮಗೆ ಹಿಡಿಸಿಲ್ಲ. ಬ್ಯಾಂಕಿನ ಮೂಲಕ ಬಂದ ಬಿಳಿ ಹಣದ ಬಗ್ಗೆ ಎಡಪಂಥೀಯರಿಗೆ ಏಕಿಷ್ಟು ತಕರಾರು, ಮತವೇ ಗುಪ್ತವಾಗಿರುವಾಗ ದೇಣಿಗೆ ಗುಪ್ತವಾಗಿದ್ದರೆ ತಪ್ಪೇನು, ಎಲ್ಲ ಪಕ್ಷಗಳೂ ತೆಗೆದುಕೊಂಡ ಮೇಲೆ ಒಬ್ಬರನ್ನೇ ಬೈಯುವುದೇಕೆ ಎಂದು ಕೇಳಿದ್ದೀರಿ. ಕೋರ್ಟು ರದ್ದು ಮಾಡಿ ಮುಗಿದುಹೋದ ವಿಷಯದಲ್ಲಿ ಸಾಮಾನ್ಯ ಓದುಗ ಈಗ ಮಾಡುವುದಾದರೂ ಏನು ಎಂಬುದು ನಿಮ್ಮ ಕೊನೆಯ ಪ್ರಶ್ನೆ.

ನಮ್ಮ ಮಟ್ಟಿಗೆ ಇಡೀ ವಿಷಯ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಆ ಗುಟ್ಟು ಯಾರಿಗೆ ಗುಟ್ಟಾಗಿತ್ತು? ಗುಟ್ಟು ಎಲ್ಲರಿಗೂ ಒಂದೇ ಆಗಿದ್ದಿದ್ದರೆ ನಿಮ್ಮ ಮತಪೆಟ್ಟಿಗೆಯ ಹೋಲಿಕೆಗೆ ತೂಕ ಇರುತ್ತಿತ್ತು. ಹಾಗಿರಲಿಲ್ಲ.

2018ರ ಜನವರಿ 2ರಂದು ಅಧಿಸೂಚನೆಯಾದ ಯೋಜನೆಯನ್ನು ತೆರೆದು ನೋಡಿ. ಬಾಂಡ್ ಮಾರುವ ಹಕ್ಕು ಸ್ಟೇಟ್ ಬ್ಯಾಂಕ್ ಒಂದಕ್ಕೇ ಇತ್ತು. ಮುಖಬೆಲೆ ಐದು ಬಗೆ: 1,000, 10,000, 1 ಲಕ್ಷ, 10 ಲಕ್ಷ, 1 ಕೋಟಿ ರೂಪಾಯಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹತ್ತತ್ತು ದಿನ ಮಾರಾಟ. ಕೊಂಡ ಬಾಂಡನ್ನು ಪಕ್ಷ 15 ದಿನದೊಳಗೆ ನಗದು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹಣ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ. ಬಾಂಡಿನ ಮೇಲೆ ಕೊಂಡವರ ಹೆಸರಿಲ್ಲ, ಪಡೆಯುವವರ ಹೆಸರೂ ಇಲ್ಲ. ಆದರೆ ಕೊಳ್ಳುವವರು ಬ್ಯಾಂಕಿಗೆ ಗುರುತಿನ ದಾಖಲೆ ಕೊಡಲೇಬೇಕು. ಆ ವಿವರವನ್ನು ಬ್ಯಾಂಕು ಯಾರಿಗೆ ಕೊಡಬಹುದು ಎಂಬುದನ್ನು 7ನೇ ಕಲಮಿನ 4ನೇ ಉಪಕಲಮು ಹೇಳುತ್ತದೆ. ನ್ಯಾಯಾಲಯ ಕೇಳಿದರೆ, ಅಥವಾ ತನಿಖಾ ಸಂಸ್ಥೆ ಕ್ರಿಮಿನಲ್ ಪ್ರಕರಣ ದಾಖಲಿಸಿಕೊಂಡು ಕೇಳಿದರೆ ಕೊಡಬೇಕು. ಕೇಂದ್ರದ ತನಿಖಾ ಸಂಸ್ಥೆಗಳು ಯಾರ ಅಧೀನದಲ್ಲಿವೆ? ಸ್ಟೇಟ್ ಬ್ಯಾಂಕಿನಲ್ಲಿ ಬಹುಪಾಲು ಷೇರು ಯಾರದು? ಎರಡಕ್ಕೂ ಉತ್ತರ ಕೇಂದ್ರ ಸರ್ಕಾರ. ಯಾವ ಕಂಪನಿ ಯಾರಿಗೆ ಕೊಟ್ಟಿತು ಎಂದು ತಿಳಿಯುವ ದಾರಿ ಅಧಿಕಾರದಲ್ಲಿದ್ದವರಿಗೆ ತೆರೆದೇ ಇತ್ತು. ಮತದಾರರಿಗೆ, ಪತ್ರಕರ್ತರಿಗೆ, ವಿರೋಧ ಪಕ್ಷಗಳಿಗೆ ಅದು ಮುಚ್ಚಿತ್ತು. ಮತಪೆಟ್ಟಿಗೆಯ ಗುಟ್ಟು ದುರ್ಬಲನನ್ನು ಬಲಶಾಲಿಯ ಕಣ್ಣಿನಿಂದ ಕಾಪಾಡುತ್ತದೆ. ಈ ಗುಟ್ಟು ದೇಣಿಗೆದಾರನನ್ನು ಜನರ ಕಣ್ಣಿನಿಂದ ಮರೆಮಾಡಿ, ಸರ್ಕಾರದ ಕಣ್ಣೆದುರು ಬಿಟ್ಟಿತ್ತು.

ಇದು ಬರೀ ತರ್ಕವಲ್ಲ. 2018ರ ಏಪ್ರಿಲ್‌ನಲ್ಲಿ ದಿ ಕ್ವಿಂಟ್ ಸುದ್ದಿತಾಣದ ಪೂನಂ ಅಗರ್ವಾಲ್ ಸಾವಿರ ರೂಪಾಯಿಯ ಎರಡು ಬಾಂಡ್ ಕೊಂಡು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. ಬರಿಗಣ್ಣಿಗೆ ಕಾಣದ, ಅಕ್ಷರ ಮತ್ತು ಅಂಕಿ ಸೇರಿದ ಸಂಖ್ಯೆಯೊಂದು ನೇರಳಾತೀತ ದೀಪದ ಕೆಳಗೆ ಬಾಂಡಿನ ಬಲಗಡೆ ಮೇಲ್ಮೂಲೆಯಲ್ಲಿ ಹೊಳೆಯಿತು. ಎರಡು ಬಾಂಡಿನಲ್ಲೂ ಬೇರೆ ಬೇರೆ ಸಂಖ್ಯೆ. ಅದು ನಕಲಿ ತಡೆಯುವ ಭದ್ರತಾ ಗುರುತಷ್ಟೇ, ಕೊಂಡವರ ಇಲ್ಲವೇ ಪಕ್ಷದ ದಾಖಲೆಯ ಜೊತೆ ಬ್ಯಾಂಕು ಅದನ್ನು ಬರೆದಿಡುವುದಿಲ್ಲ ಎಂದು ಹಣಕಾಸು ಸಚಿವಾಲಯ ಆಗ ಸ್ಪಷ್ಟನೆ ಕೊಟ್ಟಿತು. ಆರು ವರ್ಷದ ಮೇಲೆ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಕೇಳಿದಾಗ, ಕೊಂಡವರ ಪಟ್ಟಿಯಲ್ಲೂ ನಗದು ಮಾಡಿಕೊಂಡ ಪಕ್ಷಗಳ ಪಟ್ಟಿಯಲ್ಲೂ ಪ್ರತಿ ಬಾಂಡಿನ ಎದುರಿಗೆ ಸಂಖ್ಯೆ ತುಂಬಿ ಅದೇ ಬ್ಯಾಂಕು ಕೊಟ್ಟಿತು. ಬರೆದಿಡದ ಸಂಖ್ಯೆಯನ್ನು ಹಾಗೆ ಕೊಡಲು ಬರುವುದಿಲ್ಲ.

ಇನ್ನು ಬಿಳಿ ಹಣದ ಮಾತು. ಈ ತಕರಾರನ್ನು ಮೊದಲು ಎತ್ತಿದ್ದು ಎಡಪಕ್ಷಗಳಲ್ಲ, ರಿಸರ್ವ್ ಬ್ಯಾಂಕ್. 2017ರ ಜನವರಿ 30ರಂದು, ಅಂದರೆ ಬಜೆಟ್ ಭಾಷಣಕ್ಕೆ ಎರಡೇ ದಿನ ಮುಂಚೆ, ಅದು ಲಿಖಿತ ಆಕ್ಷೇಪ ಸಲ್ಲಿಸಿತ್ತು. ಹೆಸರಿಲ್ಲದ ಬಾಂಡು ಕೈಯಿಂದ ಕೈಗೆ ದಾಟಬಲ್ಲದು. ಮೊದಲು ಕೊಂಡವನ ಗುರುತು ಬ್ಯಾಂಕಿಗೆ ಗೊತ್ತಿದ್ದರೂ ಪಕ್ಷದ ಕೈಗೆ ತಲುಪಿಸಿದವನು ಅವನೇ ಎಂಬ ಖಾತ್ರಿ ಇಲ್ಲ. ನಡುವೆ ನಗದಿಗೆ ಮಾರಿಕೊಂಡರೆ ಬಿಳಿ ಹಣದ ಕಾಗದ ಕಪ್ಪು ಹಣದ ಗಾಡಿಯಾಗುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ಚುನಾವಣಾ ಆಯೋಗವೂ ಕಾನೂನು ಸಚಿವಾಲಯಕ್ಕೆ ಬರೆದು, ದೇಣಿಗೆ ಕೊಡಲೆಂದೇ ಕಾಗದದ ಮೇಲಿನ ಕಂಪನಿಗಳು ಹುಟ್ಟಿಕೊಳ್ಳುತ್ತವೆ ಎಂದು ಎಚ್ಚರಿಸಿತ್ತು. ಈ ಕಡತಗಳು ಹೊರಬಂದದ್ದು ನಿವೃತ್ತ ನೌಕಾಧಿಕಾರಿ ಲೋಕೇಶ್ ಬಾತ್ರಾ ಅವರ ಮಾಹಿತಿ ಹಕ್ಕು ಅರ್ಜಿಗಳಿಂದ. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಡಪಂಥೀಯರ ಕಡೆಯಿಂದ ಸಂದದ್ದು ಬೇರೆ. ಅರ್ಹತೆ ಇದ್ದೂ ಸಿಪಿಐ(ಎಂ) ಒಂದು ಬಾಂಡನ್ನೂ ಪಡೆಯಲಿಲ್ಲ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಮತ್ತು ಕಾಮನ್ ಕಾಸ್ ಎಂಬ ಸ್ವಯಂಸೇವಾ ಸಂಸ್ಥೆಗಳ ಜೊತೆ ತಾನೂ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಸರಿಯಾದ ನಡೆ. ಆದರೆ ಅದೇ ಪಕ್ಷದ ಇನ್ನೊಂದು ನಡೆ ನಮಗೆ ಒಪ್ಪಿಗೆಯಿಲ್ಲ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ತಂದಾಗ ಸಿಪಿಐ(ಎಂ) ಅದನ್ನು ಬಹಿರಂಗವಾಗಿ ವಿರೋಧಿಸಿತು. ಸರ್ಕಾರದ ಕಿಟಕಿ ತೆರೆಯಿರಿ ಎನ್ನುವವರು ತಮ್ಮ ಕಿಟಕಿಗೂ ಅದೇ ನಿಯಮ ಒಪ್ಪಬೇಕಿತ್ತು.

ಎಲ್ಲ ಪಕ್ಷಗಳೂ ಪಡೆದವು ಎಂಬುದು ಬಹುಮಟ್ಟಿಗೆ ನಿಜ. 2019ರ ಏಪ್ರಿಲ್ 12ರಿಂದ 2024ರ ಫೆಬ್ರವರಿವರೆಗಿನ ಪಟ್ಟಿಯಲ್ಲಿ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್‌ಗೆ 1,609 ಕೋಟಿ, ಕಾಂಗ್ರೆಸ್‌ಗೆ 1,421 ಕೋಟಿ, ತೆಲಂಗಾಣದ ಬಿಆರ್‌ಎಸ್‌ಗೆ 1,214 ಕೋಟಿ ರೂಪಾಯಿ. ರಾಜ್ಯದಲ್ಲಿ ಅಧಿಕಾರ ಹಿಡಿದವರಿಗೂ ಹರಿದಿದೆ. ಇದು ಯೋಜನೆಯ ಪರವಾದ ವಾದ ಅನ್ನಿಸುವುದಿಲ್ಲ. ಕಾಸು ಅಧಿಕಾರವನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದಕ್ಕೆ ಪುರಾವೆ ಅನ್ನಿಸುತ್ತದೆ. ನಮ್ಮ ಜೆಡಿಎಸ್‌ಗೆ 89.75 ಕೋಟಿ ಬಂದಿತ್ತು, ಅದರಲ್ಲಿ 50 ಕೋಟಿ ಮೇಘಾ ಎಂಜಿನಿಯರಿಂಗ್ ಕಂಪನಿಯದು. ಇದು ತಿಳಿದದ್ದು ಪಕ್ಷವೇ ಚುನಾವಣಾ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೇಣಿಗೆದಾರರ ಹೆಸರು ಕೊಟ್ಟಿದ್ದರಿಂದ. ದೊಡ್ಡ ಪಕ್ಷಗಳು ಅಷ್ಟನ್ನೂ ಮಾಡಲಿಲ್ಲ.

ಎರಡು ದೊಡ್ಡ ಪಕ್ಷಗಳು ಕೂಡಿ ಬಚಾವಾದ ಇನ್ನೊಂದು ಪ್ರಸಂಗ ಇದಕ್ಕಿಂತ ಹಳೆಯದು, ಮತ್ತು ಅದರ ಬಗ್ಗೆ ಚರ್ಚೆ ಆಗಿದ್ದು ತೀರಾ ಕಡಿಮೆ. ಲಂಡನ್ನಿನ ವೇದಾಂತ ಸಮೂಹದ ಕಂಪನಿಗಳಿಂದ ದೇಣಿಗೆ ಪಡೆದು ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ವಿದೇಶಿ ದೇಣಿಗೆ ಕಾಯ್ದೆ ಮುರಿದಿವೆ ಎಂದು 2014ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ತೀರ್ಪಿತ್ತಿತು. 2016ರ ಹಣಕಾಸು ಕಾಯ್ದೆ ‘ವಿದೇಶಿ ಮೂಲ’ ಎಂಬುದರ ಅರ್ಥವನ್ನೇ ಬದಲಿಸಿತು: ಅರ್ಧಕ್ಕಿಂತ ಹೆಚ್ಚು ಷೇರು ವಿದೇಶಿಯರದ್ದಾದರೂ ಆ ಉದ್ಯಮ ಕ್ಷೇತ್ರದ ವಿದೇಶಿ ಹೂಡಿಕೆ ಮಿತಿಯೊಳಗಿದ್ದರೆ ಕಂಪನಿ ವಿದೇಶಿಯಲ್ಲ. ಬದಲಾವಣೆ 2010ರಿಂದಲೇ ಜಾರಿಯಲ್ಲಿತ್ತು ಎನ್ನುವಂತೆ ಪೂರ್ವಾನ್ವಯ. ಆದರೆ ತೀರ್ಪಿಗೆ ಕಾರಣವಾದ ದೇಣಿಗೆಗಳು ಅದಕ್ಕೂ ಹಿಂದಿನವು, 1976ರ ಹಳೆ ಕಾಯ್ದೆಯ ಕಾಲದವು. ಹಾಗಾಗಿ 2018ರ ಹಣಕಾಸು ಕಾಯ್ದೆ ಪೂರ್ವಾನ್ವಯವನ್ನು 1976ರ ಆಗಸ್ಟ್ 5ಕ್ಕೆ ಹಿಂದೆ ತಳ್ಳಿತು. ಲೋಕಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯಿಲ್ಲದೆ, 42 ವರ್ಷದ ತಪ್ಪು ಅಳಿಸಿಹೋಯಿತು. ವಿದೇಶಿ ಬಂಡವಾಳಕ್ಕೆ ಗಣಿ, ಬಂದರು, ವಿದ್ಯುತ್ ತೆರೆಯುವ ನೀತಿಯನ್ನು ಬರೆಯುವ ಕೈಗಳೇ ಆ ಬಂಡವಾಳದ ದೇಣಿಗೆಯನ್ನೂ ಸ್ವೀಕರಿಸಬಹುದಾದರೆ, ಆ ನೀತಿ ಯಾರ ಹಿತಕ್ಕೆ ಎಂದು ಕೇಳುವುದು ಪಂಥದ ಪ್ರಶ್ನೆಯಲ್ಲ, ನಾಗರಿಕನ ಹಕ್ಕು.

2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಯೋಜನೆಯನ್ನು ಒಮ್ಮತದಿಂದ ರದ್ದು ಮಾಡಿತು. ವಿವರ ಕೊಡಲು ಬ್ಯಾಂಕು ಜೂನ್ 30ರವರೆಗೆ ಗಡುವು ಕೇಳಿತು. ಕೊಂಡ ದಾಖಲೆ ಬೇರೆ, ನಗದಿನ ದಾಖಲೆ ಬೇರೆ, ಪ್ರತಿ ಬಾಂಡನ್ನೂ ಎರಡರಲ್ಲೂ ತಾಳೆ ನೋಡಬೇಕು ಎಂಬುದು ಅದರ ಕಾರಣ. ಮಾರ್ಚ್ 11ರಂದು ಕೋರ್ಟ್ ಒಪ್ಪಲಿಲ್ಲ. ಮಾರ್ಚ್ 14ರಂದು ಸಂಖ್ಯೆಯಿಲ್ಲದ ಎರಡು ಪಟ್ಟಿ ಬಂದವು. ಸಂಖ್ಯೆ ಸಹಿತ ಪಟ್ಟಿ ಬಂದದ್ದು ಮಾರ್ಚ್ 21ರಂದು.

ಈಗ ನಿಮ್ಮ ಕೊನೆಯ ಪ್ರಶ್ನೆ. ಪಟ್ಟಿಗಳು ಚುನಾವಣಾ ಆಯೋಗದ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿವೆ. ಎರಡನ್ನೂ ಸ್ಪ್ರೆಡ್‌ಶೀಟಿಗೆ ಇಳಿಸಿಕೊಳ್ಳಿ. ಪ್ರತಿ ಬಾಂಡಿಗೂ ಎರಡಕ್ಷರದ ಪೂರ್ವಸೂಚಕ ಮತ್ತು ಒಂದು ಸಂಖ್ಯೆ ಇದೆ: ‘ಓಸಿ’ ಎಂದರೆ ಒಂದು ಕೋಟಿ, ‘ಟಿಎಲ್’ ಹತ್ತು ಲಕ್ಷ, ‘ಓಎಲ್’ ಒಂದು ಲಕ್ಷ, ‘ಟಿಟಿ’ ಹತ್ತು ಸಾವಿರ, ‘ಓಟಿ’ ಒಂದು ಸಾವಿರ. ತುಂಬ ಜನ ಎಡವುವುದು ಇಲ್ಲೇ. ಬರೀ ಸಂಖ್ಯೆಯನ್ನು ತಾಳೆ ಹಾಕಿದರೆ ಒಂದು ಕೋಟಿಯ ಬಾಂಡು ಹತ್ತು ಲಕ್ಷದ ಬಾಂಡಿಗೆ ಅಂಟಿಕೊಳ್ಳುತ್ತದೆ, ಏಕೆಂದರೆ ಒಂದೇ ಸಂಖ್ಯೆ ಬೇರೆ ಬೇರೆ ಮುಖಬೆಲೆಯಲ್ಲಿ ಬರುತ್ತದೆ. ಪೂರ್ವಸೂಚಕ, ಸಂಖ್ಯೆ ಎರಡನ್ನೂ ಕೂಡಿಸಿ ಒಂದು ಹೊಸ ಕಾಲಂ ಮಾಡಿ, ಅದರ ಮೇಲೆ ತಾಳೆ ಹಾಕಿ. ಕೊಂಡವರ ಪಟ್ಟಿಯಲ್ಲಿ 18,871 ಸಾಲು, ಪಕ್ಷಗಳ ಪಟ್ಟಿಯಲ್ಲಿ 20,421 ಸಾಲು ಸಿಗುತ್ತವೆ. 1,550 ಹೆಚ್ಚಿಗೆ ಕಂಡು ಗಾಬರಿಯಾಗಬೇಡಿ. ಪಟ್ಟಿ ಶುರುವಾಗುವುದು 2019ರ ಏಪ್ರಿಲ್ 12ರಿಂದ. ಅದಕ್ಕೂ ಮುಂಚೆ ಕೊಂಡು ಆಮೇಲೆ ನಗದು ಮಾಡಿದ ಬಾಂಡುಗಳಿಗೆ ಕೊಂಡವರ ಸಾಲು ಇಲ್ಲ. ಒಂದೇ ಕಂಪನಿಯ ಹೆಸರು ಎರಡು ಮೂರು ರೀತಿಯ ಸ್ಪೆಲ್ಲಿಂಗಿನಲ್ಲಿ ಬರುವುದೂ ಉಂಟು, ಮೊತ್ತ ಕೂಡಿಸುವ ಮುಂಚೆ ಸರಿಪಡಿಸಿಕೊಳ್ಳಿ.

ತಾಳೆಯಾದ ಮೇಲೆ ದಿನಾಂಕ ನೋಡಿ. ಅರವಿಂದೋ ಫಾರ್ಮಾ ಕಂಪನಿಯ ನಿರ್ದೇಶಕರೊಬ್ಬರನ್ನು ದೆಹಲಿ ಅಬಕಾರಿ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಬಂಧಿಸಿದ್ದು 2022ರ ನವೆಂಬರ್ 10ರಂದು. ಕಂಪನಿ 5 ಕೋಟಿಯ ಬಾಂಡ್ ಕೊಂಡದ್ದು ನವೆಂಬರ್ 15ರಂದು. ಅವುಗಳನ್ನು ನಗದು ಮಾಡಿಕೊಂಡದ್ದು ಬಿಜೆಪಿ. ಮರುವರ್ಷ ಆ ನಿರ್ದೇಶಕರು ಮಾಫಿ ಸಾಕ್ಷಿಯಾದರು. ಅದೇ ಕಂಪನಿ ಕೊಂಡ ಒಟ್ಟು 52 ಕೋಟಿಯಲ್ಲಿ 15 ಕೋಟಿ ಬಿಆರ್‌ಎಸ್‌ಗೆ, 2.5 ಕೋಟಿ ತೆಲುಗುದೇಶಂಗೆ ಹೋಗಿದೆ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ದಿನಾಂಕಗಳ ಸಾಮೀಪ್ಯ ಪ್ರಶ್ನೆ ಎತ್ತುತ್ತದೆ, ಲಂಚವನ್ನು ಸಾಬೀತು ಮಾಡುವುದಿಲ್ಲ. ಪ್ರತಿ ದೇಣಿಗೆಯನ್ನೂ ಲಂಚ ಎಂದು ಘೋಷಿಸಿಬಿಡುವ ಎಡ ಬರಹಗಾರರು ಈ ಗೆರೆಯನ್ನು ಅಳಿಸಿ ತಮ್ಮ ವಾದವನ್ನೇ ದುರ್ಬಲ ಮಾಡಿಕೊಳ್ಳುತ್ತಾರೆ. ಸಾಬೀತಿಗೆ ತನಿಖೆ ಬೇಕು. ವಿಶೇಷ ತನಿಖಾ ತಂಡದ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 2ರಂದು ತಳ್ಳಿಹಾಕಿತು. ಅದು ನಮಗೆ ನೋವಿನ ಸಂಗತಿ.

ಹಾಗಾಗಿ ನಡುವಿನ ಕೊಂಡಿಯನ್ನು ನಾವೇ ಹುಡುಕಬೇಕು: ಆ ಕಂಪನಿಗೆ ಆ ಹೊತ್ತಿನಲ್ಲಿ ಸರ್ಕಾರ ಏನು ಕೊಟ್ಟಿತು? ಇಲ್ಲಿ ಬಾತ್ರಾ ಅವರ ದಾರಿ ಉಪಯೋಗಕ್ಕೆ ಬರುತ್ತದೆ. ‘ಏಕೆ ಕೊಟ್ಟಿರಿ’ ಎಂದು ಕೇಳಿದರೆ ಮಾಹಿತಿ ಹಕ್ಕಿನಲ್ಲಿ ಉತ್ತರ ಬರುವುದಿಲ್ಲ, ಅಭಿಪ್ರಾಯ ಕೊಡಲಾಗದು ಎಂದು ಅರ್ಜಿ ವಾಪಸಾಗುತ್ತದೆ. ಇರುವ ಕಾಗದವನ್ನು ಕೇಳಬೇಕು: ಇಂಥ ದಿನಾಂಕದ ಸಭೆಯ ನಡಾವಳಿ, ಇಂಥ ಕಡತದ ಟಿಪ್ಪಣಿ ಹಾಳೆಗಳು, ಇಂಥ ಇಲಾಖೆಯ ಜೊತೆಗಿನ ಪತ್ರವ್ಯವಹಾರದ ಪ್ರತಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಕೈಗಾರಿಕೆಗೆ ಜಮೀನು ಕೊಟ್ಟ ನಡಾವಳಿ ಮತ್ತು ತೆರಿಗೆ ರಿಯಾಯಿತಿ ಆದೇಶ ಎರಡೂ ಬೇಕಾದರೆ ಎರಡು ಅರ್ಜಿ ಹಾಕಿ. ಕೇಂದ್ರದ ಕಚೇರಿಗಳಿಗೆ ಮಿತಿ 500 ಪದ. ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ. ವಾಣಿಜ್ಯ ಗೌಪ್ಯತೆ ಎಂದು 8(1)(ಡಿ) ಕಲಮು ತೋರಿಸಿ ನಿರಾಕರಿಸುವುದು ಸಾಮಾನ್ಯ. ಆಗ ಮೇಲ್ಮನವಿಯಲ್ಲಿ ಎರಡು ಕಲಮು ಹೆಸರಿಸಿ: ಗೌಪ್ಯ ಭಾಗ ಮಸಿ ಬಳಿದು ಉಳಿದದ್ದು ಕೊಡಿ ಎನ್ನುವ 10ನೇ ಕಲಮು, ಮತ್ತು ಸಾರ್ವಜನಿಕ ಹಿತ ಹೆಚ್ಚಿದ್ದರೆ ವಿನಾಯಿತಿ ನಿಲ್ಲದು ಎನ್ನುವ 8(2). 1923ರ ಅಧಿಕೃತ ರಹಸ್ಯ ಕಾಯ್ದೆಯೂ 8(2)ರ ಎದುರು ಅಡ್ಡ ಬರಲಾರದು. ವ್ಯಕ್ತಿಗಳ ಮಾಹಿತಿ ಕುರಿತ 8(1)(ಜೆ) ಕಲಮನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ತಿದ್ದಿ, ಅದರೊಳಗಿದ್ದ ಸಾರ್ವಜನಿಕ ಹಿತದ ಷರತ್ತನ್ನು ತೆಗೆದುಹಾಕಿದೆ. ಆದ್ದರಿಂದ 8(2) ಈಗ ಮೊದಲಿಗಿಂತ ಮುಖ್ಯ.

ಬಾಂಡ್ ಹೋದ ಮೇಲೆ ಕಂಪನಿ ಕಾಯ್ದೆಯ 182ನೇ ಕಲಮು ಹಳೆಯ ರೂಪಕ್ಕೆ ಮರಳಿದೆ. ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 7.5 ಮಾತ್ರ ದೇಣಿಗೆ ಕೊಡಬಹುದು. ಲಾಭ 10, 14, 6 ಕೋಟಿ ಇದ್ದರೆ ಸರಾಸರಿ 10 ಕೋಟಿ, ಮಿತಿ 75 ಲಕ್ಷ. ಮೂರು ವರ್ಷದ ಸರಾಸರಿಯೇ ನಷ್ಟವಾಗಿರುವ ಕಂಪನಿಗೆ ಆ ದಾರಿಯೇ ಇಲ್ಲ. ಯಾವ ಪಕ್ಷಕ್ಕೆ ಎಷ್ಟು ಎಂಬುದನ್ನು ಲಾಭ ನಷ್ಟದ ತಃಖ್ತೆಯಲ್ಲಿ ಬರೆಯಲೇಬೇಕು. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಒಂದು ಕಂಪನಿಗೆ 100 ರೂಪಾಯಿ ಕಟ್ಟಿದರೆ ಆ ಲೆಕ್ಕಪತ್ರ ಸಿಗುತ್ತದೆ.

ಉಳಿದಿರುವ ಕಿಂಡಿ ಚುನಾವಣಾ ಟ್ರಸ್ಟ್. 2013ರ ಯೋಜನೆಯಂತೆ ಟ್ರಸ್ಟು ತನಗೆ ಕೊಟ್ಟವರ ಪಟ್ಟಿಯನ್ನೂ ತಾನು ಕೊಟ್ಟ ಪಕ್ಷಗಳ ಪಟ್ಟಿಯನ್ನೂ ಆಯೋಗಕ್ಕೆ ಸಲ್ಲಿಸುತ್ತದೆ. ಆದರೆ ಹತ್ತು ಕಂಪನಿಗಳ ಹಣ ಒಂದೇ ಖಾತೆಯಲ್ಲಿ ಬೆರೆತು ನಾಲ್ಕು ಪಕ್ಷಗಳಿಗೆ ಹೋದರೆ ಯಾರ ರೂಪಾಯಿ ಯಾರಿಗೆ ಎಂದು ಹೇಳಲಾಗದು. ನೀವು ತಾಳೆ ಹಾಕಲು ಕೂತಾಗ ಟ್ರಸ್ಟಿನ ವರದಿಯಲ್ಲಿ ದಿನಾಂಕದ ಕಾಲಂ ಇದ್ದರೆ ಮೊದಲು ಅದನ್ನು ಹಿಡಿಯಿರಿ. ಒಂದು ಕಂಪನಿ ಕೊಟ್ಟ ಮೊತ್ತ ಮೂರ್ನಾಲ್ಕು ದಿನದಲ್ಲಿ ಅಷ್ಟಕ್ಕಷ್ಟೇ ಒಂದು ಪಕ್ಷಕ್ಕೆ ದಾಟಿದ್ದರೆ ಆ ಸಾಲಿಗೆ ಗುರುತು ಹಾಕಿ ನಮಗೆ ಕಳಿಸಿ. ಕಂಪನಿಯನ್ನೂ ಪಕ್ಷವನ್ನೂ ಕೇಳಿ, ಅವರ ಉತ್ತರದ ಸಮೇತ ಪ್ರಕಟಿಸುತ್ತೇವೆ.

— ಸಂಪಾದಕ