ಘಟ್ಟದ ದಾರಿಗೆ ಡಿಆರ್‌ಎಲ್: ಹೆಡ್‌ಲೈಟ್ ವೈರ್ ಕಡಿಸಬೇಡಿ, ರಿಲೇ ಹಾಕಿಸಿ

ಅಣ್ಣಾ, ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಶಿರಸಿಯಿಂದ ಕುಮಟಾಕ್ಕೆ ದಿನಾ ದೇವಿಮನೆ ಘಟ್ಟ ಇಳಿದು ಹತ್ತುತ್ತೀರಿ. ಕಾರು ಬೇಸ್ ಮಾಡೆಲ್, ಬೂದು ಬಣ್ಣ. ಬಂಪರ್‌ನಲ್ಲಿ ಫಾಗ್ ಲೈಟ್ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳ ಅಷ್ಟೇ ಇದೆ. ಎದುರಿನಿಂದ ಬರುವ ಲಾರಿಯವರಿಗೆ ಹಗಲಲ್ಲೂ ಕಾಣಲಿ ಅಂತ ಡಿಆರ್‌ಎಲ್ (ಡೇಟೈಮ್ ರನ್ನಿಂಗ್ ಲ್ಯಾಂಪ್, ಅಂದರೆ ಹಗಲಲ್ಲಿ ಉರಿಯುವ ಮುಂದಿನ ದೀಪ) ಹಾಕಿಸುವ ಯೋಚನೆ. ಅಂಗಡಿಯವರು ‘ಹೆಡ್‌ಲೈಟ್ ವೈರಿಗೇ ಜಾಯಿಂಟ್ ಹೊಡೆದು ಅರ್ಧ ಗಂಟೆಯಲ್ಲಿ ಕೊಡ್ತೇವೆ’ ಅಂದಿದ್ದಾರೆ. ಅದು ಸರಿಯಾ, ಬ್ಯಾಟರಿ ಇಳಿಯುತ್ತಾ, ಪೊಲೀಸರು ಹಿಡಿಯುತ್ತಾರಾ ಅಂತ ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ: ಬೇಡ. ಹೆಡ್‌ಲೈಟ್ ವೈರಿಗೆ ಜೋಡಿಸಿದ ದೀಪ ಹೆಡ್‌ಲೈಟ್ ಹಾಕಿದಾಗ ಮಾತ್ರ ಹತ್ತುತ್ತದೆ. ಡಿಆರ್‌ಎಲ್ ಕೆಲಸ ಮಾಡಬೇಕಾದದ್ದು ಸರಿಯಾಗಿ ಅದಕ್ಕೆ ಉಲ್ಟಾ. ಇಂಜಿನ್ ಚಾಲೂ ಆದ ಕೂಡಲೇ ತಾನಾಗಿ ಹತ್ತಬೇಕು, ಹೆಡ್‌ಲೈಟ್ ಹಾಕಿದ ಕೂಡಲೇ ಆರಬೇಕು. ರಾತ್ರಿ ಹೆಡ್‌ಲೈಟ್ ಜೊತೆ ಅದೂ ಉರಿಯುತ್ತಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಘಟ್ಟದ ತಿರುವಿನಲ್ಲಿ ಎದುರಿನ ಚಾಲಕನಿಗೆ ಒಂದು ಕ್ಷಣ ಕಣ್ಣು ಕತ್ತಲೆ ಬಂದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಣ ಖರ್ಚು ಮಾಡುವ ಮೊದಲು ಇನ್ನೊಂದು ಮಾತು ಕೇಳಿ. ಡಿಆರ್‌ಎಲ್ ಮುಂದೆ ಮಾತ್ರ ಹತ್ತುತ್ತದೆ. ಹಿಂದಿನ ಟೇಲ್ ಲೈಟ್ ಆರಿಯೇ ಇರುತ್ತದೆ. ಆರಿದ್ರಾ ಮಳೆ ಶುರುವಾದ ಮೇಲೆ ದೇವಿಮನೆಯಲ್ಲಿ ಮಧ್ಯಾಹ್ನವೇ ಮಂಜು ಕವಿದು ಇಪ್ಪತ್ತು ಮಾರು ಆಚೆ ಕಾಣದ ಹಾಗಾಗುತ್ತದಲ್ವಾ? ಆಗ ಮುಂದೆ ಬೆಳಕು ಬಿದ್ದಿರುವುದನ್ನು ನೋಡಿ ‘ಲೈಟ್ ಇದೆ’ ಅಂದುಕೊಂಡು ಹೋಗುವವರು ಬಹಳ ಜನ. ಅವರ ಕಾರಿನ ಹಿಂಭಾಗ ಪೂರ್ತಿ ಕತ್ತಲು. ಬೂದು ಬಣ್ಣದ ಕಾರಂತೂ ಮಂಜಿನಲ್ಲಿ ಕರಗಿಯೇ ಹೋಗುತ್ತದೆ, ಹಿಂದಿನ ಟಿಪ್ಪರ್‌ಗೆ ಹತ್ತಿರ ಬರುವವರೆಗೂ ಕಾಣುವುದಿಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಳಜಿ ಇರುವುದು ಇದೇ. ಮಳೆ, ಮಂಜು, ಮುಸ್ಸಂಜೆ ಅಂದರೆ ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಲೇಬೇಕು, ಡಿಆರ್‌ಎಲ್ ಎಷ್ಟೇ ಚೆನ್ನಾಗಿರಲಿ. ಡಿಮ್ ಹಾಕಿದರೆ ಹಿಂದಿನ ಕೆಂಪು ದೀಪವೂ ಹತ್ತುತ್ತದೆ.

ಹಾಗಾದರೆ ಹಗಲೆಲ್ಲ ಡಿಮ್ ಹಾಕಿಕೊಂಡೇ ಓಡಾಡಿದರೆ ಸಾಲದಾ? ಸಾಕು. ಖರ್ಚಿಲ್ಲದ ದಾರಿ ಅದು. ಹ್ಯಾಲೊಜೆನ್ ಬಲ್ಬಿನ ಡಿಮ್ ಒಂದೊಂದು 55 ವಾಟ್, ಎರಡು ಸೇರಿ 110. ಮೇಲೆ ಟೇಲ್, ಪಾರ್ಕಿಂಗ್, ನಂಬರ್ ಪ್ಲೇಟಿನ ಬಲ್ಬುಗಳು. ಬಲ್ಬಿನ ಆಯುಷ್ಯ ಸ್ವಲ್ಪ ಕಮ್ಮಿಯಾಗುತ್ತದೆ, ಆಲ್ಟರ್ನೇಟರ್ ಸ್ವಲ್ಪ ಜಾಸ್ತಿ ದುಡಿಯುತ್ತದೆ, ಅಷ್ಟೇ. ಎಲ್‌ಇಡಿ ಡಿಆರ್‌ಎಲ್ ಜೋಡಿಗೆ 10–15 ವಾಟ್ ಸಾಕು. ಆದರೆ ಡಿಮ್ ನಾವು ನೆನಪಿಟ್ಟು ಹಾಕಬೇಕು, ಡಿಆರ್‌ಎಲ್ ತಾನಾಗಿ ಹತ್ತುತ್ತದೆ. ಮರದ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಹೋಗುವ ಘಟ್ಟದ ದಾರಿಯಲ್ಲಿ ಆ ಒಂದು ಗುಣಕ್ಕೇ ಅದನ್ನು ಹಾಕಿಸಬಹುದು ಅನ್ನುವುದು ನನ್ನ ಅಭಿಪ್ರಾಯ. ಸ್ವೀಡನ್ನಿನಲ್ಲಿ 1977ರಿಂದಲೇ ಹಗಲು ದೀಪ ಕಡ್ಡಾಯ. ಯುರೋಪಿಯನ್ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಇರಲೇಬೇಕು. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲಲ್ಲೂ ಉರಿಯುವುದು ಇದೇ ಕಾರಣಕ್ಕೆ.

ಈಗ ದೀಪದ ಆಯ್ಕೆ. ನಿಮ್ಮ ಮಾಡೆಲ್ಲಿಗೆ ಕಂಪನಿಯೇ ಆಕ್ಸೆಸರಿಯಾಗಿ ಕೊಡುತ್ತದಾ ಅಂತ ಮೊದಲು ಶೋರೂಮಿನಲ್ಲಿ ಕೇಳಿ. ದುಬಾರಿ ಆಗಬಹುದು, ಆದರೆ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಸರಿಯಾಗಿ ಕೂರುತ್ತದೆ, ವೈರ್ ಕಡಿಯುವ ಪ್ರಶ್ನೆ ಇಲ್ಲ, ವಾರಂಟಿ ತಕರಾರೂ ಇಲ್ಲ. ಸಿಗದಿದ್ದರೆ ಹೊರಗಿನದು. ಹೊರಗಿನದು ತಗೊಳ್ಳುವಾಗ ಗಾಜಿನ ಮೇಲೆ ಅಚ್ಚು ನೋಡಿ. ಯುರೋಪಿನ ಮಾನದಂಡಕ್ಕೆ ಪಾಸಾದ ದೀಪದ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲೊಂದು ಅಂಕಿ, ಜೊತೆಗೆ ‘ಆರ್‌ಎಲ್’ ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಆ ಮಾನದಂಡದ ಪ್ರಕಾರ ಬೆಳಕು 400ರಿಂದ 1200 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಒಳಗಿರಬೇಕು. ಅದಕ್ಕಿಂತ ಕಮ್ಮಿಯಾದರೆ ಬಿಸಿಲಲ್ಲಿ ಕಾಣುವುದಿಲ್ಲ, ಜಾಸ್ತಿಯಾದರೆ ಚುಚ್ಚುತ್ತದೆ. ಬಿಳಿ ಬೆಳಕು ಮಾತ್ರ. ನೀಲಿ ಹೊಡೆಯುವುದು, ಮಿಣಮಿಣ ಮಿನುಗುವುದು, ಓಡುವ ಪಟ್ಟಿ, ಇವು ಯಾವುದೂ ಬೇಡ. ಅಂಟಿಸುವ ಎಲ್‌ಇಡಿ ಪಟ್ಟಿ ಅಗ್ಗಕ್ಕೆ ಸಿಗುತ್ತದೆ, ಆದರೆ ಹಗಲಿಗೆ ಬೇಕಾದ ಬೆಳಕು ಅದರಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಅಂಟು ಬಿಟ್ಟು ಬಂಪರಿಂದ ನೇತಾಡುತ್ತದೆ. ಧೂಳು-ನೀರು ಒಳಗೆ ಹೋಗದ ಐಪಿ67 ದರ್ಜೆ ಇದೆಯಾ ನೋಡಿ ತಗೊಳ್ಳಿ.

ಕೂರಿಸುವ ಜಾಗ: ನೆಲದಿಂದ 25 ಸೆಂಟಿಮೀಟರ್‌ಗಿಂತ ಕೆಳಗೆ ಬೇಡ, ಎರಡು ದೀಪಗಳ ಒಳ ಅಂಚುಗಳ ನಡುವೆ ಕಮ್ಮಿಯೆಂದರೆ 60 ಸೆಂಟಿಮೀಟರ್ ಅಂತರ ಇರಲಿ. ನಿಮ್ಮ ಫಾಗ್ ಲೈಟ್ ಜಾಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೂತು ಕೊರೆಯುವುದಾದರೆ ಬಂಪರ್‌ಗೆ ಕೊರೆಯಬೇಡಿ, ಆ ಪ್ಲಾಸ್ಟಿಕ್ ಮುಚ್ಚಳಕ್ಕೆ ಕೊರೆಯಿರಿ. ಮುಂದೆ ಬೇಡ ಅನಿಸಿದರೆ ಮುಚ್ಚಳ ಮಾತ್ರ ಬದಲಾಯಿಸಿದರೆ ಆಯಿತು. ಇಂಡಿಕೇಟರ್ ಪಕ್ಕದಲ್ಲೇ, ಅಂದರೆ 4 ಸೆಂಟಿಮೀಟರ್ ಒಳಗೆ ಬಂದರೆ, ಇಂಡಿಕೇಟರ್ ಹಾಕಿದಾಗ ಆ ಬದಿಯ ಡಿಆರ್‌ಎಲ್ ಮಂಕಾಗಬೇಕು ಅಥವಾ ಆರಬೇಕು. ಇಲ್ಲವಾದರೆ ಬಿಳಿ ಬೆಳಕಿನ ಪಕ್ಕ ಹಳದಿ ಮಿಣುಕು ಕಾಣುವುದೇ ಇಲ್ಲ.

ಇನ್ನು ವೈರಿಂಗ್. ಇದನ್ನು ನಿಧಾನ ಓದಿ, ಬೇಕಾದರೆ ನಿಮ್ಮ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಐದು ಕಾಲಿನ 12 ವೋಲ್ಟ್ ರಿಲೇ (ಕರೆಂಟ್ ಬಂದಾಗ ತಾನಾಗಿ ಬದಲಾಗುವ ಸ್ವಿಚ್) ಒಂದು ಬೇಕು. ಅದರ ಕಾಲುಗಳ ಮೇಲೆ 30, 85, 86, 87, 87ಎ ಅಂತ ನಂಬರ್ ಇರುತ್ತದೆ. ನಾಲ್ಕು ಕಾಲಿನದು ಕೊಟ್ಟರೆ ತಗೊಳ್ಳಬೇಡಿ, ಅದರಲ್ಲಿ 87ಎ ಇರುವುದಿಲ್ಲ. ನಮಗೆ ಬೇಕಾದದ್ದೇ ಆ ಕಾಲು.

ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್ ಒಂದನ್ನು ಹುಡುಕಿ. ವೈಪರ್ ಅಥವಾ ಚಾರ್ಜಿಂಗ್ ಸಾಕೆಟ್ ಫ್ಯೂಸ್ ಸಾಮಾನ್ಯವಾಗಿ ಆಗುತ್ತದೆ. ಏರ್‌ಬ್ಯಾಗ್, ಎಬಿಎಸ್, ಇಂಜಿನ್ ಕಂಟ್ರೋಲ್, ಫ್ಯೂಯೆಲ್ ಪಂಪ್, ಈ ಫ್ಯೂಸ್‌ಗಳ ಹತ್ತಿರ ಹೋಗುವುದೇ ಬೇಡ. ಹಳದಿ ಸ್ಲೀವಿನ ವೈರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಆರಿಸಿದ ಫ್ಯೂಸ್ ಜಾಗಕ್ಕೆ ಫ್ಯೂಸ್ ಟ್ಯಾಪ್ ಹಾಕಿ. ಇದರಲ್ಲಿ ಹಳೆ ಫ್ಯೂಸ್ ಒಂದು, ಹೊಸ ಫ್ಯೂಸ್ ಒಂದು, ಎರಡೂ ಕೂರುತ್ತವೆ, ವೈರ್ ಕಡಿಯುವ ಕೆಲಸ ಇಲ್ಲ. ಹಾಕುವ ದಿಕ್ಕು ನೋಡಿಕೊಳ್ಳಿ. ಉಲ್ಟಾ ಹಾಕಿದರೂ ದೀಪ ಹತ್ತುತ್ತದೆ, ಆದರೆ ಹೊಸ ದೀಪದ ಕರೆಂಟೂ ಹಳೆ ಫ್ಯೂಸ್ ಮೂಲಕವೇ ಹೋಗುತ್ತದೆ. ಫ್ಯೂಸ್ ಕಿತ್ತು, ಆ ಎರಡು ಸೀಳುಗಳಲ್ಲಿ ಯಾವುದರಲ್ಲಿ 12 ವೋಲ್ಟ್ ಇದೆ ಅಂತ ಮೀಟರ್ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಹೊಸದಕ್ಕೆ 3 ಆಂಪಿಯರ್ ಫ್ಯೂಸ್ ಸಾಕು. ದೀಪಗಳು ಎಳೆಯುವುದು 1 ಆಂಪಿಯರ್ ಆಸುಪಾಸು.

ಆ ಫ್ಯೂಸ್‌ನಿಂದ ಬರುವ ವೈರ್ ರಿಲೇಯ 30ಕ್ಕೆ. 87ಎಯಿಂದ ಹೊರಟ ವೈರ್ ಎರಡೂ ಡಿಆರ್‌ಎಲ್‌ಗೆ. 85 ಬಾಡಿ ಅರ್ಥ್‌ಗೆ. 86ಕ್ಕೆ ಪಾರ್ಕಿಂಗ್ ಲೈಟಿನ ವೈರ್‌ನಿಂದ ಸಿಗ್ನಲ್. 87 ಖಾಲಿ, ಅದಕ್ಕೆ ಟೇಪ್ ಸುತ್ತಿ ಬಿಡಿ. ಈಗ ಕೀ ಆನ್ ಆದರೆ 30ರಿಂದ 87ಎಗೆ ಕರೆಂಟ್ ಹೋಗಿ ದೀಪ ಹತ್ತುತ್ತದೆ. ಪಾರ್ಕಿಂಗ್ ಅಥವಾ ಹೆಡ್‌ಲೈಟ್ ಹಾಕಿದಾಗ ರಿಲೇ ಒಳಗಿನ ಕಾಯಿಲ್ (ತಂತಿ ಸುರುಳಿ) ಎಳೆದು ಸಂಪರ್ಕ 87ಕ್ಕೆ ಹೋಗುತ್ತದೆ, ಡಿಆರ್‌ಎಲ್ ಆರುತ್ತದೆ.

ಸಿಗ್ನಲ್ಲಿಗೆ ಪಾರ್ಕಿಂಗ್ ವೈರೇ ಯಾಕೆ, ಡಿಮ್ ವೈರ್ ಯಾಕಲ್ಲ? ನಿಮ್ಮ ಕಾರಿನಲ್ಲಿ ಡಿಮ್, ಬ್ರೈಟ್ ಎರಡೂ ಒಂದೇ ಬಲ್ಬ್. ಬ್ರೈಟ್ ಹಾಕಿದಾಗ ಡಿಮ್ ವೈರಿನಲ್ಲಿ ಕರೆಂಟ್ ನಿಲ್ಲುತ್ತದೆ. ಆಗ ರಿಲೇ ಹಿಡಿತ ಬಿಟ್ಟು, ಬ್ರೈಟ್ ಜೊತೆ ಡಿಆರ್‌ಎಲ್ ಕೂಡ ಹತ್ತಿಬಿಡುತ್ತದೆ. ಪಾರ್ಕಿಂಗ್ ಲೈಟ್ ಎರಡರಲ್ಲೂ ಹತ್ತಿರುವುದರಿಂದ ಈ ತೊಂದರೆ ಇಲ್ಲ. ಹಗಲಲ್ಲಿ ಡಿಪ್ಪರ್ ಹೊಡೆದಾಗ ಪಾರ್ಕಿಂಗ್ ಹತ್ತುವುದಿಲ್ಲ, ಹಾಗಾಗಿ ಡಿಆರ್‌ಎಲ್ ಆರುವುದೂ ಇಲ್ಲ. ಅದೂ ಸರಿಯೇ. ಕಾಯಿಲ್‌ಗೆ ಬೇಕಾದದ್ದು ಬಹಳ ಕಮ್ಮಿ ಕರೆಂಟ್, ಪಾರ್ಕಿಂಗ್ ವೈರಿಗೆ ಭಾರ ಆಗುವುದಿಲ್ಲ. ಕಾಯಿಲ್‌ಗೆ ಅಡ್ಡ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಸಿಕ್ಕಿದರೆ ಅದನ್ನೇ ತಗೊಳ್ಳಿ. ಆದರೆ ಅದರಲ್ಲಿ 85, 86 ಅದಲುಬದಲು ಆಗಬಾರದು.

ಒಂದು ಎಚ್ಚರಿಕೆ. ಹೊಸ ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಪಾರ್ಕಿಂಗ್ ಲೈಟ್ ಎಲ್‌ಇಡಿ ಆಗಿದ್ದರೆ ಕರೆಂಟ್ ಒಂದೇ ಸಮ ಬರದೆ ಬಿಟ್ಟು ಬಿಟ್ಟು ಬರಬಹುದು, ಆಗ ರಿಲೇ ಕಟಕಟ ಅನ್ನುತ್ತದೆ. ನಿಮ್ಮದು ಬಲ್ಬ್ ಆಗಿರುವುದರಿಂದ ಚಿಂತೆ ಇಲ್ಲ. ಇದನ್ನು ಓದುತ್ತಿರುವ ಬೇರೆಯವರ ಕಾರು ಹಾಗಿದ್ದರೆ ಕಂಪನಿ ಸರ್ವಿಸಿನಲ್ಲೇ ಮಾಡಿಸಿ. ಹಾಗೆಯೇ, ಬ್ಯಾಟರಿಗೆ ನೇರ ಜೋಡಿಸಿ ವೋಲ್ಟೇಜ್ ನೋಡಿ ಹತ್ತುವ ಡಬ್ಬಿ ಜೊತೆ ಬರುವ ಕಿಟ್‌ಗಳಿವೆ. ಇಂಜಿನ್ ಚಾಲೂ ಆಗಿ ವೋಲ್ಟೇಜ್ 13ರ ಮೇಲೆ ಏರಿದ್ದನ್ನು ನೋಡಿ ಅದು ದೀಪ ಹತ್ತಿಸುತ್ತದೆ. ಹಳೆ ಕಾರಿಗೆ ಸರಿ. ಮೈಲ್ಡ್ ಹೈಬ್ರಿಡ್‌ನಂಥ ಕಾರುಗಳಲ್ಲಿ ಓಡುತ್ತಿರುವಾಗಲೇ ಚಾರ್ಜಿಂಗ್ ವೋಲ್ಟೇಜ್ ಇಳಿಯುತ್ತದೆ, ದೀಪ ನಡುದಾರಿಯಲ್ಲಿ ಆರುತ್ತದೆ.

ಬ್ಯಾಟರಿ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಕೀ ಆಫ್ ಆದಾಗ ಆರುವ ಹಾಗೆ ಜೋಡಿಸಿದ್ದರೆ ಬ್ಯಾಟರಿ ಇಳಿಯುವುದಿಲ್ಲ. ಯಾವಾಗಲೂ ಕರೆಂಟ್ ಇರುವ ವೈರಿಗೆ ಜೋಡಿಸಿ ಆರಿಸಲು ಮರೆತರೆ ಒಂದು ಹಗಲು-ರಾತ್ರಿಗೆ 24 ಆಂಪಿಯರ್-ಅವರ್ ಹೋಗುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿಯೇ 35ರದ್ದು. ಬೆಳಿಗ್ಗೆ ತಳ್ಳಬೇಕಾದೀತು.

ನಮ್ಮ ಕರಾವಳಿಯಲ್ಲಿ ದೀಪಕ್ಕಿಂತ ಮೊದಲು ಹಾಳಾಗುವುದು ಜಾಯಿಂಟ್ ಮಾರಾಯ್ರೆ. ಕುಮಟಾ, ಅಂಕೋಲಾ, ಕಾರವಾರ, ಎಲ್ಲಿ ಹೋದರೂ ಗಾಳಿಯಲ್ಲಿ ಉಪ್ಪು. ತಾಮ್ರದ ಎಳೆ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಜಾಯಿಂಟ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ವೈರನ್ನು ಕಚ್ಚಿ ಹಿಡಿಯುವ ನೀಲಿ-ಕೆಂಪು ಕ್ಲಿಪ್‌ಗಳನ್ನು ಇಲ್ಲಿ ಹಾಕಲೇಬಾರದು, ಅವುಗಳೊಳಗೆ ನೀರು ಹೋಗುತ್ತದೆ. ಬರೀ ಕಪ್ಪು ಟೇಪ್ ಸುತ್ತಿದ್ದೂ ಬೇಡ, ಇಂಜಿನ್ ಬಿಸಿಗೆ ಬಿಚ್ಚಿಕೊಳ್ಳುತ್ತದೆ. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ, ಅದರ ಮೇಲೆ ಒಳಬದಿಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಎಳೆದು ಬಿಸಿ ಕೊಡಿ. ಅಂಚಿನಿಂದ ಸ್ವಲ್ಪ ಅಂಟು ಹೊರಗೆ ಬಂದರೆ ಒಳಗೆ ನೀರು ಹೋಗುವುದಿಲ್ಲ ಅಂತ ಅರ್ಥ. ವೈರ್ 0.75 ಚದರ ಮಿಲಿಮೀಟರ್‌ನ ಆಟೊ ಕೇಬಲ್ ಇರಲಿ, ಮನೆ ವೈರಿಂಗಿನದು ಬೇಡ. ಮೇಲೆ ಸುರುಳಿ ಸ್ಲೀವ್ ಹಾಕಿಸಿ. ತಗಡು ದಾಟುವಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಇಲ್ಲದೆ ದಾಟಿಸಬೇಡಿ. ದೀಪದ ಕಪ್ಲರ್ ಹತ್ತಿರ ವೈರನ್ನು ಕೆಳಗೆ ಬಾಗಿಸಿ ಮತ್ತೆ ಮೇಲಕ್ಕೆ ತನ್ನಿ, ನೀರು ಬಾಗಿದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ರಿಲೇಯನ್ನು ಕಾಲು ಕೆಳಗೆ ಮಾಡಿ ನಿಲ್ಲಿಸಿ.

ಅರ್ಥ್ ವಿಷಯದಲ್ಲಿ ಅವಸರ ಮಾಡುವವರೇ ಜಾಸ್ತಿ. ಸಿಕ್ಕಿದ ಸ್ಕ್ರೂಗೆ ಸುತ್ತಿ ಬಿಡುತ್ತಾರೆ. ಕಂಪನಿಯೇ ಅರ್ಥ್ ಕೊಟ್ಟಿರುವ ಬೋಲ್ಟ್ ಹುಡುಕಿ, ರಿಂಗ್ ಟರ್ಮಿನಲ್ ಹಾಕಿ ಬಿಗಿಯಾಗಿ ಕಟ್ಟಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ದೀಪ ಮಿಣುಕುವ ದೂರುಗಳಲ್ಲಿ ಬಹಳಷ್ಟು ಇಲ್ಲಿಗೇ ಬಂದು ನಿಲ್ಲುತ್ತವೆ. ಶಿರಸಿ ಕಡೆ ತೋಟದ ಮನೆಯಲ್ಲಿ ಕಾರು ನಿಲ್ಲಿಸುವವರು ಮಳೆಗಾಲ ಮುಗಿದ ಮೇಲೆ ಒಮ್ಮೆ ಬಾನೆಟ್ ತೆಗೆದು ಇಲಿ ಕಡಿದಿದೆಯಾ ಅಂತಲೂ ನೋಡಿ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಲು ಹೇಳಿ. ಮೀಟರ್ ಹಿಡಿದು ನೋಡುವಾಗ ಮಾತ್ರ ಹಾಕಿದರೆ ಸಾಕು.

ಕಾನೂನು: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಬದಲಾವಣೆ ಬಗ್ಗೆ ಇದೆ, ಆರ್‌ಸಿಯಲ್ಲಿ ಇರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಬದಲಾಯಿಸಬಾರದು ಅನ್ನುತ್ತದೆ. ಹಿಡಿಯುವ ಅಧಿಕಾರ ಇರುವವರು ಪ್ರಶ್ನೆ ಮಾಡಬಹುದು, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಕಿಸಿ. ಮುಂದಕ್ಕೆ ಕೆಂಪು ಬೆಳಕು ಕಾಣಿಸುವುದಂತೂ ನಿಯಮಕ್ಕೆ ವಿರುದ್ಧ. ಕಂಪನಿ ಆಕ್ಸೆಸರಿ ಮೊದಲು ಕೇಳಿ ಅಂತ ಹೇಳಿದ್ದಕ್ಕೆ ಇದೂ ಒಂದು ಕಾರಣ. ವೈರ್ ಕಡಿದಿದ್ದರೆ ಎಲೆಕ್ಟ್ರಿಕಲ್ ವಾರಂಟಿ ಕೊಡಲು ಕಂಪನಿಯವರು ತಕರಾರು ತೆಗೆಯುತ್ತಾರೆ, ಶಾರ್ಟ್ ಆಗಿ ಬೆಂಕಿ ಬಿದ್ದರೆ ವಿಮೆಯವರೂ ಕೇಳುತ್ತಾರೆ. ಬಿಲ್ ತಗೊಂಡು ಇಟ್ಟುಕೊಳ್ಳಿ.

ಕಾರು ವಾಪಸ್ ತಗೊಳ್ಳುವಾಗ ಅಂಗಡಿ ಮುಂದೆಯೇ ನೋಡಬೇಕಾದದ್ದು: ಕೀ ಆನ್, ದೀಪ ಹತ್ತಬೇಕು. ಪಾರ್ಕಿಂಗ್ ಹಾಕಿ, ಆರಬೇಕು. ಡಿಮ್‌ನಿಂದ ಬ್ರೈಟ್‌ಗೆ ಹೋಗಿ, ಆರಿಯೇ ಇರಬೇಕು. ಎರಡೂ ಇಂಡಿಕೇಟರ್ ಹಾಕಿ, ಹತ್ತು ಹೆಜ್ಜೆ ದೂರ ನಿಂತು ಹಳದಿ ಸರಿಯಾಗಿ ಕಾಣುತ್ತಾ ನೋಡಿ. ಕೀ ತೆಗೆದ ಮೇಲೆ ಎಲ್ಲ ಆರಿರಬೇಕು. ಒಂದು ಕೊಡ ನೀರು ಬಂಪರ್ ಮೇಲೆ ಹೊಯ್ದು ಮತ್ತೆ ಹತ್ತಿಸಿ ನೋಡಿ, ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ನಿಮ್ಮ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗಡೆ ಒಂದು ಪಟ್ಟಿ ಇರುತ್ತದೆ. ಅದರ ಫೋಟೊ ಇಲ್ಲೇ ಹಾಕಿ. ಯಾವ ಫ್ಯೂಸ್‌ನಿಂದ ತೆಗೆಯಬಹುದು ಅಂತ ನೋಡಿ ಹೇಳುತ್ತೇನೆ.