ಓದುಗರ ಪ್ರಶ್ನೆ: ದೀಕ್ಷಾಸ್ನಾನ ಆಗದವರಿಗೆ ಸ್ವರ್ಗವಿಲ್ಲವೇ?

ಪ್ರಶ್ನೆ: ಕಳೆದ ಆಷಾಢದ ಮಳೆಯಲ್ಲಿ ನನ್ನ ತಾಯಿ ತಮ್ಮ 84ನೇ ವಯಸ್ಸಿನಲ್ಲಿ ತೀರಿಕೊಂಡರು. ಪಕ್ಕದ ಮನೆಯ ಕ್ಯಾಥೊಲಿಕ್ ಹೆಂಗಸು, ನಾವೆಲ್ಲ ಬಾಯಮ್ಮ ಎಂದೇ ಕರೆಯುವವರು, ಮೂವತ್ತು ವರ್ಷ ನಮ್ಮ ಅಂಗಳದಲ್ಲಿ ಅಮ್ಮನ ಎದುರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿದವರು. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಹೊರಡುವಾಗ ಅವರು, “ನಮ್ಮ ಇಗರ್ಜಿಯಲ್ಲಿ ಅಮ್ಮನ ಹೆಸರಲ್ಲಿ ಒಂದು ಪೂಜೆ ಮಾಡಿಸಿದೀನಿ, ತಪ್ಪು ತಿಳ್ಕೋಬೇಡ ಮಗಾ” ಎಂದರು. ನನಗೆ ಕಣ್ಣು ತುಂಬಿತು. ಬೆಂಗಳೂರಿನಲ್ಲಿರುವ ನನ್ನ ಮಗ ಮಾತ್ರ, “ಅವರ ಮತದಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗದವರೆಲ್ಲ ನರಕಕ್ಕೇ ಹೋಗುವುದು, ಇದೆಲ್ಲ ಬರೀ ಉಪಚಾರ” ಎನ್ನುತ್ತಾನೆ. ಯಾವುದು ನಿಜ? ಮುಂದೆ ಅವರು ಪೂಜೆಗೆ ಕರೆದರೆ ನಾನು ಹೋಗಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಮಗ ಹೇಳಿದ್ದು ಬುಡವಿಲ್ಲದ ಮಾತಲ್ಲ. “ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ”, ಅಂದರೆ ಚರ್ಚಿನ ಹೊರಗೆ ಮುಕ್ತಿಯಿಲ್ಲ, ಎಂಬ ವಾಕ್ಯಕ್ಕೆ ಮೂಲ, ಮೂರನೇ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ತೇಜಿನಲ್ಲಿ ಧರ್ಮಾಧ್ಯಕ್ಷರಾಗಿದ್ದ (ಬಿಷಪ್) ಸಂತ ಸಿಪ್ರಿಯನ್. ಅವರು ಅದನ್ನು ಹೇಳಿದ್ದು ಸಭೆಯಿಂದ ಸಿಡಿದು ಹೋಗುತ್ತಿದ್ದ ಕ್ರೈಸ್ತರನ್ನು ಕುರಿತು. ಅಡಿಕೆ ಸುಲಿಯುವ ಪಕ್ಕದ ಮನೆಯವರನ್ನು ಕುರಿತಲ್ಲ. ಆದರೆ ಮಾತು ಬೆಳೆಯುತ್ತ ಹೋಗಿ, 1442ರಲ್ಲಿ ಧರ್ಮಾಧ್ಯಕ್ಷರು ಕೂಡಿದ್ದ ಫ್ಲಾರೆನ್ಸ್ ಮಹಾಸಭೆಯು ಅನ್ಯಧರ್ಮೀಯರು ಸಾಯುವ ಮುನ್ನ ಸಭೆಯನ್ನು ಸೇರದಿದ್ದರೆ ಅವರಿಗೆ ನಿತ್ಯಾಗ್ನಿಯೇ ಗತಿ ಎಂದು ಸಾರಿತು. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಯೇಸುವಿನ ಶುಭಸಂದೇಶವು ಲೋಕಕ್ಕೆಲ್ಲ ಮುಟ್ಟಿಯಾಗಿದೆ, ಇನ್ನೂ ಒಪ್ಪದವರು ಬೇಕೆಂದೇ ಒಪ್ಪದವರು ಎಂಬ ತಿಳಿವಳಿಕೆ ಅಂದಿನ ಯುರೋಪಿನಲ್ಲಿತ್ತು. ಐವತ್ತು ವರ್ಷಗಳಲ್ಲಿ ಕೊಲಂಬಸ್ ಅಮೆರಿಕವನ್ನೂ, ಇನ್ನಾರು ವರ್ಷಗಳಲ್ಲಿ ವಾಸ್ಕೋ ಡ ಗಾಮ ಕೋಳಿಕ್ಕೋಡನ್ನೂ ಮುಟ್ಟಿದ ಮೇಲೆ, ಯೇಸುವಿನ ಹೆಸರನ್ನೇ ಕೇಳದ ಕೋಟ್ಯಂತರ ಜನರ ಮುಂದೆ ಆ ಲೆಕ್ಕ ನಿಲ್ಲಲಿಲ್ಲ.

ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ತಮ್ಮ ತಪ್ಪಿಲ್ಲದೆ ಸತ್ಯವನ್ನು ಅರಿಯದವರನ್ನು ದೇವರು ದಂಡಿಸುವುದಿಲ್ಲ ಎಂದು ಒಂಬತ್ತನೇ ಪಯಸ್ ಪೋಪರು 1863ರಲ್ಲಿ ಬರೆದರು. ಬೋಸ್ಟನ್ನಿನ ಫಾದರ್ ಲಿಯೊನಾರ್ಡ್ ಫೀನಿ ಹಳೆಯ ವಾಕ್ಯವನ್ನು ಅಕ್ಷರಶಃ ಹಿಡಿದು ವಾದಿಸಿದಾಗ, ಆ ಅರ್ಥ ಸರಿಯಲ್ಲವೆಂದು 1949ರಲ್ಲಿ ರೋಮಿನಿಂದಲೇ ಪತ್ರ ಬಂತು. ಕೊನೆಗೆ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ತೀರಾ ಸ್ಪಷ್ಟವಾಗಿ ಹೇಳಿತು: ತಮ್ಮದಲ್ಲದ ಕಾರಣಕ್ಕೆ ಕ್ರಿಸ್ತನ ಶುಭಸಂದೇಶವನ್ನಾಗಲಿ ಧರ್ಮಸಭೆಯನ್ನಾಗಲಿ ಅರಿಯದೆ, ಆದರೂ ನಿಷ್ಕಪಟ ಮನಸ್ಸಿನಿಂದ ದೇವರನ್ನು ಅರಸುತ್ತ, ಆತನ ಕೃಪೆಯ ಪ್ರೇರಣೆಯಿಂದ ಅಂತಃಸಾಕ್ಷಿ ತೋರಿದಂತೆ ನಡೆಯಲು ಯತ್ನಿಸುವವರು ನಿತ್ಯರಕ್ಷಣೆಯನ್ನು ಪಡೆಯಬಲ್ಲರು. ಅದೇ ಮಹಾಸಭೆಯ 1965ರ ಅಕ್ಟೋಬರ್ 28ರ ಘೋಷಣೆ ಹಿಂದೂ ಧರ್ಮದ ಹೆಸರನ್ನೇ ಎತ್ತಿ, ಈ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಸಭೆ ತಳ್ಳಿಹಾಕುವುದಿಲ್ಲ ಎಂದಿತು.

ಇಲ್ಲಿ ನಿಮ್ಮ ಮಗ ಇನ್ನೊಂದು ಪ್ರಶ್ನೆ ಎತ್ತಬಹುದು, ಎತ್ತಲೂಬೇಕು. ಅಜ್ಜಿಗೆ “ಅರಿಯದವರು” ಎಂಬ ಮಾತು ಹೇಗೆ ಹೊಂದುತ್ತದೆ? ಮೂವತ್ತು ವರ್ಷ ಬಾಯಮ್ಮನ ಎದುರಿಗೇ ಕುಳಿತವರು, ಕ್ರಿಸ್ಮಸ್ಸಿನ ಕುಸ್ವಾರ್ ತಿಂದವರು, ಇಗರ್ಜಿಯ ಗಂಟೆ ಕೇಳಿದವರು ಅವರು. ಸಭೆ ಅಗತ್ಯವೆಂದು ತಿಳಿದೂ ಸೇರಲು ಒಲ್ಲೆನೆಂದವರಿಗೆ ರಕ್ಷಣೆಯಿಲ್ಲ ಎಂದು ಅದೇ 1964ರ ದಸ್ತಾವೇಜಿನಲ್ಲೇ ಇದೆಯಲ್ಲ! ಆದರೆ ಇಲ್ಲಿ ತಿಳಿಯುವುದು ಎಂದರೆ ಕಿವಿಗೆ ಬೀಳುವುದಲ್ಲ, ಮನಸ್ಸಿಗೆ ಖಚಿತವಾಗುವುದು. ಗಂಟೆಯ ಸದ್ದು ಕೇಳಿಸಿದ್ದಕ್ಕೆ ಯಾರೂ ಹೊಣೆಗಾರರಾಗುವುದಿಲ್ಲ. ಜನಾಂಗ, ಪ್ರದೇಶ, ಸ್ವಭಾವಗಳು ಇಷ್ಟು ಬಗೆಬಗೆಯಾಗಿರುವಾಗ ಇಂಥ ಅರಿಯದಿರುವಿಕೆಗೆ ಗಡಿ ಗೀಚುವ ಧೈರ್ಯ ಯಾರಿಗಿದೆ ಎಂದು ಅದೇ ಒಂಬತ್ತನೇ ಪಯಸ್ ಪೋಪರು 1854ರಲ್ಲೇ ಕೇಳಿದ್ದರು. ಹುಟ್ಟಿದಾಗಿನಿಂದ ತುಂಗೆಯಲ್ಲಿ ಮಿಂದು, ತುಳಸಿಗೆ ನೀರೆರೆದು, ತನ್ನ ದೇವರಲ್ಲಿ ನೆಲೆನಿಂತ ಜೀವವನ್ನು “ತಿಳಿದೂ ನಿರಾಕರಿಸಿದವರು” ಎನ್ನುವುದು ನನ್ನ ಮಟ್ಟಿಗೆ ಅಸಂಗತ.

ನಾನೂ ಶಿವಮೊಗ್ಗದಲ್ಲಿ ಕ್ಯಾಥೊಲಿಕ್ ಮಕ್ಕಳ ಜ್ಞಾನೋಪದೇಶದ ತರಗತಿಯಲ್ಲಿ ಕುಳಿತವನೇ. ನನ್ನ ಗೋಲಿಯಾಟದ ಗೆಳೆಯ ಸತ್ತರೆ ಎಲ್ಲಿಗೆ ಹೋಗುತ್ತಾನೆಂದು ಒಮ್ಮೆ ಕೇಳಿದ್ದಕ್ಕೆ, “ಅದು ದೇವರಿಗೆ ಗೊತ್ತು, ನೀನು ಜಪಸರ ಮರೆತು ಬಂದಿದ್ದೀಯಲ್ಲ, ಅದಕ್ಕೇನು ಹೇಳುತ್ತೀ?” ಎಂಬ ಉತ್ತರ ಸಿಕ್ಕಿತ್ತು. ಜಾರಿಕೊಂಡರು ಎಂದುಕೊಂಡೆ. ಪವಿತ್ರಾತ್ಮರು “ದೇವರಿಗೆ ತಿಳಿದ ರೀತಿಯಲ್ಲಿ” ಎಲ್ಲರಿಗೂ ಕ್ರಿಸ್ತನ ಬಿಡುಗಡೆಯಲ್ಲಿ ಪಾಲು ಪಡೆಯುವ ಅವಕಾಶ ಕೊಡುತ್ತಾರೆಂದು ಮಹಾಸಭೆಯೇ 1965ರಲ್ಲಿ ಬರೆದಿರುವುದನ್ನು ಓದಿದ್ದು ಬಹಳ ವರ್ಷಗಳ ನಂತರ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ನುಂಗಿಕೊಳ್ಳಬಾರದು. ಎಲ್ಲ ದಾರಿಗಳೂ ಸಮಾನ ಎಂದು ಕ್ಯಾಥೊಲಿಕ್ ಧರ್ಮಸಭೆ ಹೇಳುವುದಿಲ್ಲ. 2000ದಲ್ಲಿ ರೋಮ್ ಅದನ್ನು ಮತ್ತೊಮ್ಮೆ ಕಟ್ಟುನಿಟ್ಟಾಗಿಯೇ ನೆನಪಿಸಿತು. ನಿಮ್ಮ ತಾಯಿ ರಕ್ಷಣೆ ಪಡೆದರೆ ಅದು ಕ್ರಿಸ್ತನ ಮೂಲಕವೇ, ಅವರಿಗೆ ಅದು ಗೊತ್ತಿರಲಿ ಬಿಡಲಿ, ಎಂಬುದೇ ಅದರ ನಿಲುವು. ಜರ್ಮನಿಯ ಜೆಸ್ವಿಟ್ ಪಂಡಿತ ಕಾರ್ಲ್ ರಾನರ್ ಇಂಥವರನ್ನು “ಹೆಸರಿಲ್ಲದ ಕ್ರೈಸ್ತರು” ಎಂದು ಕರೆದರು. ಆ ಹೆಸರು ನನಗೆ ಹಿಡಿಸುವುದಿಲ್ಲ. ನಿಮ್ಮ ಅಮ್ಮನಿಗೂ ಹಿಡಿಸುತ್ತಿರಲಿಲ್ಲವೇನೋ. ಆದರೆ ಬೇರೆ ದೇವತೆಗಳನ್ನು ಶ್ರದ್ಧೆಯಿಂದ ಪೂಜಿಸುವವರೂ, ವಿಧಿ ತಪ್ಪಿದರೂ, ನನ್ನನ್ನೇ ಪೂಜಿಸುತ್ತಾರೆ ಎಂದು ಗೀತೆಯ ಒಂಬತ್ತನೇ ಅಧ್ಯಾಯದಲ್ಲಿ ಕೃಷ್ಣ ಹೇಳುವಾಗ ಬಾಯಮ್ಮನನ್ನು ಒಳಗೆ ಕರೆದುಕೊಳ್ಳುವ ಬಗೆಯೂ ಹೆಚ್ಚುಕಡಿಮೆ ಇಂಥದೇ. ದೀಕ್ಷಾಸ್ನಾನ ಪಡೆದವರಿಗಾದರೂ ಸ್ವರ್ಗ ಕಾಯ್ದಿರಿಸಿದ ಸೀಟಲ್ಲ: ಸಭೆಯೊಳಗಿದ್ದೂ ಪ್ರೀತಿಯಲ್ಲಿ ನಿಲ್ಲದವರಿಗೆ ರಕ್ಷಣೆಯಿಲ್ಲ ಎಂದು ಮಹಾಸಭೆ ಬರೆದಿದೆ.

ಇನ್ನು ಬಾಯಮ್ಮ ಮಾಡಿಸಿದ ಪೂಜೆ. ಅದು ಬರೀ ಉಪಚಾರವಲ್ಲ. ಬದುಕಿರುವ ಅಥವಾ ಮೃತರಾದ ಯಾರಿಗಾಗಿಯೂ ಗುರುಗಳು (ಪಾದ್ರಿಗಳು) ಬಲಿಪೂಜೆ (ಮಾಸ್) ಅರ್ಪಿಸಬಹುದೆಂದು 1983ರ ಧರ್ಮಸಭಾ ಸಂಹಿತೆಯ 901ನೇ ನಿಯಮದಲ್ಲಿದೆ. ಅಲ್ಲಿ ಮತದ ಷರತ್ತಿಲ್ಲ. ನರಕಕ್ಕೆ ಹೋದವರಿಗಾಗಿ ಪ್ರಾರ್ಥಿಸುವ ಪದ್ಧತಿಯೂ ಕ್ಯಾಥೊಲಿಕರಲ್ಲಿಲ್ಲ. ಹಾಗಾಗಿ ಕಾಣಿಕೆ ಕೊಟ್ಟು ನಿಮ್ಮ ತಾಯಿಯ ಹೆಸರು ಬರೆಸಿದ ಬಾಯಮ್ಮನಿಗೂ, ಬರೆದುಕೊಂಡ ಗುರುಗಳಿಗೂ ಅವರು ದೇವರ ಬಳಿ ಸೇರಬಲ್ಲರೆಂಬ ಭರವಸೆ ಇದ್ದಿರಲೇಬೇಕು.

ನೀವು ಧಾರಾಳವಾಗಿ ಹೋಗಬಹುದು. ಎಲ್ಲರೂ ಎದ್ದಾಗ ಎದ್ದು ನಿಂತರೆ ಸಾಕು. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಹಂಚುವ ರೊಟ್ಟಿ, ಸ್ವೀಕರಿಸಲು ಸಾಲು ಹೊರಟಾಗ ನಿಮ್ಮ ಜಾಗದಲ್ಲೇ ಕುಳಿತಿರಿ, ಅದು ದೀಕ್ಷಾಸ್ನಾನ ಆದವರಿಗೆ ಮಾತ್ರ. ನವೆಂಬರ್ 2ರಂದು ಎಲ್ಲ ಮೃತರ ಸ್ಮರಣೆಯ ದಿನ. ಅಂದು ಬಾಯಮ್ಮ ಮತ್ತೆ ನಿಮ್ಮ ತಾಯಿಯ ಹೆಸರು ಬರೆಸುವುದಾದರೆ ನೀವೂ ಜೊತೆಗೆ ಹೋಗಿಬನ್ನಿ; ಮಗ ರಜೆಗೆ ಊರಿಗೆ ಬಂದಿದ್ದರೆ ಅವನನ್ನೂ ಕರೆದುಕೊಂಡು ಹೋಗಿ.